ಹೈನುರಾಸುಗಳಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾ ಮತ್ತು ಸಾರ್ವಜನಿಕ ಆರೋಗ್ಯ: ಸೋಮವಾರಪೇಟೆ ತಾಲ್ಲೂಕಿನ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

ಇಂದಿನ ಕರ್ನಾಟಕದ ವ್ಯಾಪ್ತಿಯಲ್ಲಿ ಸಹಕಾರಿ ಹೈನುಗಾರಿಕೆಯ ಚರಿತ್ರೆ ಆರಂಭವಾಗುವುದು ಕೊಡಗಿನಿಂದ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿ, 1955ರಲ್ಲಿ, ಕೂಡಿಗೆಯಲ್ಲಿ ಮೊದಲ ಡೇರಿ ಸ್ಥಾಪನೆಗೊಂಡಿತು. ಬಹುಕಾಲ ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ್ದ ಕೂಡಿಗೆ ಈಗ ಕುಶಾಲನಗರ ತಾಲ್ಲೂಕಿನಲ್ಲಿದೆ. ಜಿಲ್ಲೆಯ ಸಹಕಾರ ಸಂಘಗಳು ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೆ ಒಳಪಟ್ಟಿವೆ. ಕಾಫಿ, ಕಾಳುಮೆಣಸು, ಏಲಕ್ಕಿ ಮತ್ತು ಭತ್ತದ ಬೇಸಾಯಕ್ಕೆ ಹೆಸರಾದ ಸೋಮವಾರಪೇಟೆ, ಶಾಂತಳ್ಳಿ, ಶನಿವಾರಸಂತೆ ಮತ್ತು ಕೊಡ್ಲಿಪೇಟೆ ಹೋಬಳಿಗಳಲ್ಲಿ ಹೈನುಗಾರಿಕೆ ಒಂದು ಉಪಕಸುಬು. ಒಂದೆರಡು ಹಸುಗಳನ್ನು ಸಾಕಿ ಹಾಲನ್ನು ಡೇರಿಗೆ ಹಾಕುವ, ಉಳಿದುದನ್ನು ನೆರೆಹೊರೆಗೆ ವರ್ತನೆ ಹಾಲಾಗಿ ಕೊಡುವ, ಸಗಣಿ ಗೊಬ್ಬರವನ್ನು ತೋಟಕ್ಕೆ ಬಳಸುವ ಸಣ್ಣ ರೈತ ಕುಟುಂಬಗಳಿಗೆ ಇದು ನಿತ್ಯದ ಕೈಖರ್ಚಿನ ಆಧಾರವಾಗಿದೆ.

ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ವಿಷಯ ಬಂದಾಗ ಸಾಮಾನ್ಯವಾಗಿ ಚರ್ಚೆಯಾಗುವುದು ದೊಡ್ಡ ಕೋಳಿ ಸಾಕಣೆ ಕೇಂದ್ರಗಳು ಮತ್ತು ನಗರದ ಆಸ್ಪತ್ರೆಗಳು. ಎರಡು ಹಸುಗಳಿರುವ ಕೊಟ್ಟಿಗೆ ಈ ಚರ್ಚೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಆದರೆ ಭಾರತದ ಹಾಲಿನ ಬಹುಭಾಗ ಬರುವುದು ಇಂತಹ ಕೊಟ್ಟಿಗೆಗಳಿಂದಲೇ. ಅಲ್ಲಿ ಒಂದು ಹಸುವಿನ ಕೆಚ್ಚಲು ಊದಿಕೊಂಡ ಸಂಜೆ ತೆಗೆದುಕೊಳ್ಳುವ ತೀರ್ಮಾನಗಳು, ಅಂದರೆ ಯಾವ ಔಷಧ, ಎಷ್ಟು ದಿನ, ಆ ಹಾಲನ್ನು ಏನು ಮಾಡುವುದು ಎಂಬಿವು, ಸಾರ್ವಜನಿಕ ಆರೋಗ್ಯದ ತೀರ್ಮಾನಗಳೂ ಆಗಿರುತ್ತವೆ. ಈ ಬರಹದಲ್ಲಿ ಆ ಅಂಶವನ್ನೇ ಮುಖ್ಯವಾಗಿ ಪರಿಶೀಲಿಸಲಾಗಿದೆ.

ಕೆಚ್ಚಲು ಬಾವು ಮತ್ತು ಮಲೆನಾಡಿನ ಮಳೆಗಾಲ

ಹೈನುರಾಸುಗಳಿಗೆ ಪ್ರತಿಜೈವಿಕ ಔಷಧಗಳನ್ನು, ಅಂದರೆ ಜನಬಳಕೆಯಲ್ಲಿ ಆಂಟಿಬಯೋಟಿಕ್ ಎಂದು ಕರೆಯಲಾಗುವ ಔಷಧಗಳನ್ನು, ಅತಿ ಹೆಚ್ಚಾಗಿ ಬಳಸುವ ಸಂದರ್ಭ ಕೆಚ್ಚಲು ಬಾವು. ಈ ಭಾಗದ ಮೂಲ ತಳಿಯಾದ ಮಲೆನಾಡು ಗಿಡ್ಡ ಹಸು ಹಾಲು ಕೊಡುವುದು ಕಡಿಮೆಯಾದರೂ ಮಳೆ, ಚಳಿ, ಗುಡ್ಡದ ಮೇವಿಗೆ ಒಗ್ಗಿಕೊಂಡದ್ದು. ಅದಕ್ಕೆ ಕೆಚ್ಚಲು ಬಾವು ಬರುವುದು ವಿರಳ. ಹೋಲ್‌ಸ್ಟೀನ್ ಫ್ರೀಸಿಯನ್ ಮತ್ತು ಜರ್ಸಿ ಮಿಶ್ರತಳಿಗಳು ಬಂದ ಮೇಲೆ ಹಾಲಿನ ಪ್ರಮಾಣ ಹೆಚ್ಚಿತು, ಜೊತೆಗೆ ಕೆಚ್ಚಲಿನ ಮೇಲಿನ ಒತ್ತಡವೂ ಹೆಚ್ಚಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವಿಶೇಷವಾಗಿ ಪುಷ್ಪಗಿರಿ ಬೆಟ್ಟಸಾಲಿಗೆ ಹತ್ತಿರವಿರುವ ಶಾಂತಳ್ಳಿ ಕಡೆ, ಕೊಟ್ಟಿಗೆಯ ನೆಲ ಒಣಗಲು ಅವಕಾಶವೇ ದೊರೆಯದು. ಹಾಲು ಕರೆದ ನಂತರ ಮೊಲೆತೊಟ್ಟಿನ ರಂಧ್ರ ಪೂರ್ತಿ ಮುಚ್ಚಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಹಸು ಒದ್ದೆಯಾದ ಸಗಣಿ ನೆಲದ ಮೇಲೆ ಮಲಗಿದರೆ ಬ್ಯಾಕ್ಟೀರಿಯಾಗಳಿಗೆ ದಾರಿ ತೆರೆದಿಟ್ಟಂತಾಗುತ್ತದೆ.

ಈ ರೋಗದಲ್ಲಿ ಎರಡು ಬಗೆಗಳಿವೆ. ಕೆಚ್ಚಲು ಬಿಸಿಯಾಗಿ ಊದಿಕೊಂಡು, ಹಾಲು ಒಡೆದು ಗಡ್ಡೆಯಾಗಿ ಅಥವಾ ರಕ್ತಮಿಶ್ರಿತವಾಗಿ ಬರುವುದು ಎಲ್ಲರಿಗೂ ತಿಳಿದ ಬಗೆ. ಇನ್ನೊಂದು ಸುಪ್ತ ಬಗೆ. ಇದರಲ್ಲಿ ಹಾಲು ನೋಡಲು ಸರಿಯಾಗಿಯೇ ಇರುತ್ತದೆ, ಇಳುವರಿ ಮಾತ್ರ ದಿನೇ ದಿನೇ ಕುಗ್ಗುತ್ತದೆ. ಈ ಸುಪ್ತ ಬಾವು ಪತ್ತೆಯಾಗದೆ ಉಳಿದ ಹಸು ಅದೇ ಕೊಟ್ಟಿಗೆಯ ಉಳಿದ ಹಸುಗಳಿಗೆ ಸೋಂಕಿನ ಮೂಲವಾಗಿರುತ್ತದೆ.

ಕೆಚ್ಚಲು ಬಾವನ್ನು ಉಂಟುಮಾಡುವ ಜೀವಿಗಳು ಒಂದೇ ಬಗೆಯವಲ್ಲ. ಸ್ಟೆಫೈಲೋಕಾಕಸ್ ಆರಿಯಸ್ ಹಾಲು ಕರೆಯುವವರ ಕೈಯಿಂದ, ಕೆಚ್ಚಲು ಒರೆಸುವ ಬಟ್ಟೆಯಿಂದ ಹಸುವಿನಿಂದ ಹಸುವಿಗೆ ದಾಟುತ್ತದೆ. ಕೆಚ್ಚಲಿನ ಒಳಗೆ ಬೇರೂರಿದ ಮೇಲೆ ಚಿಕಿತ್ಸೆಗೆ ಸುಲಭವಾಗಿ ಜಗ್ಗದು. ಇ. ಕೋಲಿ ಸಗಣಿಯಿಂದ ಬರುತ್ತದೆ. ಅದರ ಸೌಮ್ಯ ಪ್ರಕರಣಗಳು ಬಹುಪಾಲು ಹಸುವಿನ ಸ್ವಂತ ರೋಗನಿರೋಧಕ ಶಕ್ತಿಯಿಂದಲೇ ವಾಸಿಯಾಗುತ್ತವೆ, ತೀವ್ರ ಪ್ರಕರಣಗಳು ಒಂದೆರಡು ದಿನಗಳಲ್ಲಿ ಹಸುವಿನ ಪ್ರಾಣಕ್ಕೇ ಕುತ್ತು ತರುತ್ತವೆ. ಶಿಲೀಂಧ್ರದಿಂದ ಬರುವ ಬಾವಿಗೆ ಪ್ರತಿಜೈವಿಕ ಔಷಧಗಳಿಂದ ಪ್ರಯೋಜನವೇ ಇಲ್ಲ. ಹೊರನೋಟಕ್ಕೆ ಇವುಗಳನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದಲೇ ಔಷಧದ ಅಂಗಡಿಯಲ್ಲಿ ಕೇಳಿ ತಂದ ಚುಚ್ಚುಮದ್ದು, ಕಳೆದ ಬಾರಿ ಉಳಿದಿದ್ದ ಟ್ಯೂಬ್, ಪಕ್ಕದ ಮನೆಯ ಹಸುವಿಗೆ ಗುಣವಾಯಿತೆಂಬ ಕಾರಣಕ್ಕೆ ಕೊಡುವ ಔಷಧ ಇವೆಲ್ಲ ಕತ್ತಲಲ್ಲಿ ಕಲ್ಲು ಹೊಡೆದಂತೆ ಆಗುತ್ತವೆ. ಎರಡು ದಿನಗಳಲ್ಲಿ ಊತ ಇಳಿದೊಡನೆ ಔಷಧ ನಿಲ್ಲಿಸುವುದೂ ಸಾಮಾನ್ಯ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ, ಸಾಕಷ್ಟು ಪ್ರಮಾಣದಲ್ಲಿ ಕೊಡದ ಔಷಧವು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಬದಲು ಅವುಗಳಿಗೆ ನಿರೋಧಕತೆಯನ್ನು ಕಲಿಸುತ್ತದೆ ಎಂಬ ಎಚ್ಚರಿಕೆ ನೀಡಿದ್ದರು.

ಉಳಿಕೆಯ ಪ್ರಶ್ನೆ ಬೇರೆ, ನಿರೋಧಕತೆಯ ಪ್ರಶ್ನೆ ಬೇರೆ

ಸಾರ್ವಜನಿಕರಲ್ಲಿ ಎರಡು ವಿಷಯಗಳು ಒಂದರೊಳಗೊಂದು ಬೆರೆತುಹೋಗಿವೆ. ಒಂದು, ಹಾಲಿನಲ್ಲಿ ಔಷಧದ ಉಳಿಕೆ. ಇನ್ನೊಂದು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಹಾಲನ್ನು ಚೆನ್ನಾಗಿ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಔಷಧ ನಿರೋಧಕವಾಗಿದ್ದರೂ ಸಾಯುತ್ತದೆ. ಬೆಂಕಿಗೆ ನಿರೋಧಕತೆ ಲೆಕ್ಕವಿಲ್ಲ. ಆದರೆ ಔಷಧದ ಉಳಿಕೆ ಮನೆಯಲ್ಲಿ ಹಾಲು ಕಾಯಿಸುವುದರಿಂದ ಪೂರ್ತಿ ನಾಶವಾಗುವುದಿಲ್ಲ; ಹಲವು ಪ್ರತಿಜೈವಿಕ ಔಷಧಗಳು ಕುದಿಯುವ ತಾಪವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಹೀಗಾಗಿ ಹಾಲನ್ನು ಕಾಯಿಸಿ ಕುಡಿಯುವ ನಮ್ಮ ರೂಢಿ ಒಂದು ಅಪಾಯದಿಂದ ರಕ್ಷಣೆ ನೀಡುತ್ತದೆ, ಇನ್ನೊಂದರಿಂದ ನೀಡುವುದಿಲ್ಲ.

ಉಳಿಕೆ ಇರುವ ಹಾಲಿನ ಒಂದು ಲಕ್ಷಣ ಗೃಹಿಣಿಯರಿಗೆ ಮೊದಲು ತಿಳಿಯುತ್ತದೆ: ಹೆಪ್ಪು ಹಾಕಿದ ಹಾಲು ಮೊಸರಾಗುವುದಿಲ್ಲ, ಅಥವಾ ನೀರುನೀರಾಗಿ ಉಳಿಯುತ್ತದೆ. ಹಾಲನ್ನು ಮೊಸರಾಗಿಸುವ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ಔಷಧ ಕೊಂದಿರುವುದೇ ಇದಕ್ಕೆ ಕಾರಣವಾಗಿರಬಹುದು. ಪ್ರಯೋಗಾಲಯಗಳಲ್ಲಿ ಬಳಸುವ ಉಳಿಕೆ ಪರೀಕ್ಷೆಗಳಲ್ಲಿ ಕೆಲವು ಇದೇ ತತ್ವವನ್ನು ಆಧರಿಸಿವೆ. ಆದರೆ ಚಳಿ, ಹಳೆಯ ಹೆಪ್ಪು ಮುಂತಾದ ಕಾರಣಗಳಿಂದಲೂ ಮೊಸರು ಕೆಡುವುದುಂಟು. ಮೊಸರು ಸರಿಯಾಗಿ ಹೆಪ್ಪುಗಟ್ಟಿದ ಮಾತ್ರಕ್ಕೆ ಹಾಲು ಉಳಿಕೆಯಿಂದ ಮುಕ್ತವೆಂದೂ ಹೇಳಲಾಗದು. ಏಕೆಂದರೆ ಕಾನೂನಿನ ಮಿತಿಗಳು ಬಹಳ ಸೂಕ್ಷ್ಮವಾದವು. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆ ಒಂದು ಕಿಲೋ ಹಾಲಿನಲ್ಲಿ ಬೆಂಜೈಲ್ ಪೆನಿಸಿಲಿನ್ 4 ಮೈಕ್ರೊಗ್ರಾಂ ಮೀರುವಂತಿಲ್ಲ. ಚಿಕಿತ್ಸೆಯಲ್ಲಿರುವ ಒಂದೇ ಹಸುವಿನ ಹಾಲು ಡೇರಿಯ ಶೀತಲೀಕರಣ ತೊಟ್ಟಿಗೆ ಬೆರೆತರೂ ಇಡೀ ತೊಟ್ಟಿಯ ಹಾಲು ಮಿತಿ ಮೀರುವ ಸಾಧ್ಯತೆ ಇರುವುದು ಇದರಿಂದಲೇ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳನ್ನು ಪರೀಕ್ಷಿಸಲಾಯಿತು. ಅವುಗಳಲ್ಲಿ 77 ಮಾದರಿಗಳಲ್ಲಿ, ಅಂದರೆ ಶೇಕಡ 1.2ರಷ್ಟರಲ್ಲಿ, ಪ್ರತಿಜೈವಿಕ ಔಷಧದ ಉಳಿಕೆ ಮಿತಿಗಿಂತ ಹೆಚ್ಚಾಗಿತ್ತು. ಈ ಅಂಕಿ ಆತಂಕಕ್ಕೆ ಕಾರಣವಾಗುವಷ್ಟು ದೊಡ್ಡದಲ್ಲ ಎಂಬ ಅಭಿಪ್ರಾಯ ಸಹಜ. ಆದರೆ ಈ ಸಮೀಕ್ಷೆಗೆ ಆರಿಸಿಕೊಂಡದ್ದು 50,000ಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ 1,103 ನಗರ ಮತ್ತು ಪಟ್ಟಣಗಳನ್ನು. 2011ರ ಜನಗಣತಿಯಂತೆ ಕೊಡಗು ಜಿಲ್ಲೆಯಲ್ಲಿ ಆ ಗಾತ್ರದ ಒಂದು ಪಟ್ಟಣವೂ ಇಲ್ಲ. ಜಿಲ್ಲಾ ಕೇಂದ್ರವಾದ ಮಡಿಕೇರಿಯೂ ಅದಕ್ಕಿಂತ ಚಿಕ್ಕದು. ಹಾಲು ಉತ್ಪಾದನೆಯಾಗುವ ಹಳ್ಳಿಗಳಲ್ಲಿ, ಕೊಟ್ಟಿಗೆಯಿಂದ ನೇರವಾಗಿ ಲೈನ್ ಮನೆಗಳಿಗೆ ಮತ್ತು ನೆರೆಯವರಿಗೆ ಹೋಗುವ ವರ್ತನೆ ಹಾಲಿಗೆ ಅಂತಹ ಸಮೀಕ್ಷೆಯ ಸರಾಸರಿಯನ್ನು ಅನ್ವಯಿಸುವುದು ಸರಿಯಾಗದು. ಒಕ್ಕೂಟದ ಹಾಲು ಹಲವು ಹಂತಗಳ ಪರೀಕ್ಷೆಯನ್ನು ದಾಟಬೇಕು, ಅಲ್ಲದೆ ಸಾವಿರಾರು ಹಸುಗಳ ಹಾಲಿನೊಡನೆ ಬೆರೆತು ತೆಳುವಾಗುತ್ತದೆ. ವರ್ತನೆ ಹಾಲಿನಲ್ಲಿ ಒಂದು ಮಗು ತಿಂಗಳುಗಟ್ಟಲೆ ಕುಡಿಯುವುದು ಒಂದೇ ಹಸುವಿನ ಹಾಲನ್ನು.

ಇನ್ನು ನಿರೋಧಕತೆಯ ಪ್ರಶ್ನೆ. ಔಷಧದ ಎದುರು ಬದುಕುಳಿದ ಬ್ಯಾಕ್ಟೀರಿಯಾ ತನ್ನ ಸಂತತಿಗೆ ಆ ಗುಣವನ್ನು ದಾಟಿಸುತ್ತದೆ. ಇದಕ್ಕಿಂತ ಹೆಚ್ಚಿನ ಸಮಸ್ಯೆ ಎಂದರೆ, ಪ್ಲಾಸ್ಮಿಡ್ ಎಂಬ ವಂಶವಾಹಿ ತುಣುಕುಗಳ ಮೂಲಕ ಒಂದು ಜಾತಿಯ ಬ್ಯಾಕ್ಟೀರಿಯಾ ಇನ್ನೊಂದು ಜಾತಿಗೂ ಈ ಗುಣವನ್ನು ಕೊಡಬಲ್ಲದು. ಹಸುವಿನ ಕರುಳಿನಲ್ಲಿ ನಿರುಪದ್ರವಿಯಾಗಿದ್ದ ಇ. ಕೋಲಿಯ ನಿರೋಧಕತೆ ಮನುಷ್ಯನ ಮೂತ್ರನಾಳದ ಸೋಂಕಿಗೆ ಕಾರಣವಾಗುವ ಜೀವಿಗೆ ದೊರೆಯುವುದು ಹೀಗೆ. ಇದು ಹಾಲಿನ ಲೋಟದ ಮೂಲಕವೇ ಬರಬೇಕೆಂದಿಲ್ಲ. ಹಾಲು ಕರೆಯುವ ಕೈ, ಕೊಟ್ಟಿಗೆ ತೊಳೆದ ನೀರು, ಹಸಿ ಗೊಬ್ಬರ ಇವು ಮುಖ್ಯ ದಾರಿಗಳು. ಬ್ರಿಟನ್ನಿನಲ್ಲಿ ಕೆಚ್ಚಲು ಬಾವಿನ ಹಾಲಿನ ಮಾದರಿಗಳನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿಗಳು 2011ರಲ್ಲಿ ಮೆಥಿಸಿಲಿನ್ ನಿರೋಧಕ ಸ್ಟೆಫೈಲೋಕಾಕಸ್ ಆರಿಯಸ್‌ನ ಅದುವರೆಗೆ ತಿಳಿಯದಿದ್ದ ಒಂದು ಬಗೆಯನ್ನು ಪತ್ತೆಹಚ್ಚಿದರು. ಅದೇ ಬಗೆ ಮನುಷ್ಯರ ಮಾದರಿಗಳಲ್ಲಿಯೂ ಕಂಡುಬಂದಿತು. ರೂಢಿಯ ವಂಶವಾಹಿ ಪರೀಕ್ಷೆಗಳಿಗೆ ಅದು ಸಿಕ್ಕಿರಲಿಲ್ಲ. ಕೆಚ್ಚಲು ಬಾವಿನ ಹಾಲಿನಲ್ಲಿ ಔಷಧ ನಿರೋಧಕ ಸ್ಟೆಫೈಲೋಕಾಕಸ್‌ಗಳ ಬಗ್ಗೆ ಬೆಂಗಳೂರಿನಲ್ಲಿರುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ನಿವೇದಿ ಸಂಸ್ಥೆಯ ವಿಜ್ಞಾನಿಗಳೂ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡಬೇಕಾದ ಅಗತ್ಯವನ್ನು ಸೆಫಲೋಸ್ಪೋರಿನ್ ವರ್ಗದ ಔಷಧಗಳು ಸ್ಪಷ್ಟಪಡಿಸುತ್ತವೆ. ಈ ವರ್ಗದ ಮೂರನೇ ಪೀಳಿಗೆಯ ಸೆಫ್ಟಿಯೊಫರ್ ಎಂಬ ಪಶು ಔಷಧದ ಕೆಲವು ಚುಚ್ಚುಮದ್ದುಗಳಿಗೆ ಹಲವು ದೇಶಗಳಲ್ಲಿ ಹಾಲನ್ನು ತಡೆಹಿಡಿಯಬೇಕಾದ ಅವಧಿಯೇ ಇಲ್ಲ, ಏಕೆಂದರೆ ಹಾಲಿನಲ್ಲಿ ಅದರ ಉಳಿಕೆ ಮಿತಿಯೊಳಗೇ ಇರುತ್ತದೆ. ಹಾಲು ಚೆಲ್ಲಬೇಕಾಗಿಲ್ಲವಾದ್ದರಿಂದ ಸಾಕಣೆದಾರರಿಗೆ ಅದು ಅತ್ಯಂತ ಅನುಕೂಲಕರ. ಆದರೆ ಅದೇ ಪೀಳಿಗೆಯ ಸೆಫ್ಟ್ರಿಯಾಕ್ಸೋನ್ ಆಸ್ಪತ್ರೆಗಳಲ್ಲಿ ಟೈಫಾಯ್ಡ್, ತೀವ್ರ ನ್ಯುಮೋನಿಯಾ ಮತ್ತು ಮಿದುಳು ಪೊರೆಯ ಉರಿಯೂತದಲ್ಲಿ ಜೀವ ಉಳಿಸುವ ಔಷಧ. ನಮ್ಮ ದೇಶದಲ್ಲಿ ಅದನ್ನು ರಾಸುಗಳ ಚಿಕಿತ್ಸೆಗೂ ಬಳಸಲಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು ಈ ಪೀಳಿಗೆಯ ಸೆಫಲೋಸ್ಪೋರಿನ್‌ಗಳನ್ನು ಮಾನವ ಚಿಕಿತ್ಸೆಗೆ ಅತಿ ಮುಖ್ಯವಾದ, ಅತ್ಯುನ್ನತ ಆದ್ಯತೆಯ ಔಷಧಗಳ ಪಟ್ಟಿಯಲ್ಲಿ ಸೇರಿಸಿದೆ. ಉಳಿಕೆಯನ್ನು ಮಾತ್ರ ಅಳೆಯುವ ವ್ಯವಸ್ಥೆಗೆ ಇಂತಹ ಔಷಧ ನಿರ್ದೋಷಿಯಾಗಿ ಕಾಣುತ್ತದೆ. ನಿರೋಧಕತೆಯ ದೃಷ್ಟಿಯಿಂದ ಅದು ಕಟ್ಟಕಡೆಗೆ ಕೈಗೆತ್ತಿಕೊಳ್ಳಬೇಕಾದುದು. ಹಾಲಿನ ಪರೀಕ್ಷೆಯಲ್ಲಿ ಉತ್ತೀರ್ಣವಾದ ಮಾತ್ರಕ್ಕೆ ಕೊಟ್ಟಿಗೆ ಸುರಕ್ಷಿತವಾಗಿದೆ ಎಂದು ಭಾವಿಸುವುದು ಆದ್ದರಿಂದ ತಪ್ಪಾಗುತ್ತದೆ.

ಏಳು ದಿನಗಳ ಹಾಲು ಯಾರ ಲೆಕ್ಕಕ್ಕೆ?

ಔಷಧ ಮತ್ತು ಪ್ರಸಾಧನ ನಿಯಮಗಳಿಗೆ 2012ರ ಜನವರಿಯಲ್ಲಿ ತರಲಾದ ತಿದ್ದುಪಡಿಯಂತೆ, ಆಹಾರಕ್ಕಾಗಿ ಬಳಸುವ ಪ್ರಾಣಿಗಳ ಔಷಧದ ಪೊಟ್ಟಣದ ಮೇಲೆ ತಡೆ ಅವಧಿಯನ್ನು ಮುದ್ರಿಸುವುದು ಕಡ್ಡಾಯ. ತಡೆ ಅವಧಿ ಎಂದರೆ ಕೊನೆಯ ಬಾರಿ ಔಷಧ ಕೊಟ್ಟ ಸಮಯದಿಂದ ಹಾಲನ್ನು ಮನುಷ್ಯರ ಬಳಕೆಗೆ ಕೊಡಬಾರದ ಅವಧಿ. ನಿರ್ದಿಷ್ಟ ಅವಧಿ ನಿಗದಿಯಾಗಿಲ್ಲದ ಔಷಧಕ್ಕೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಎಂದು ನಿಯಮದಲ್ಲಿ ವಿಧಿಸಲಾಗಿದೆ. ಅವಧಿಯನ್ನು ಎಣಿಸಬೇಕಾದುದು ಕೊನೆಯ ಚುಚ್ಚುಮದ್ದಿನಿಂದ, ಮೊದಲನೆಯದರಿಂದಲ್ಲ. ಒಂದೇ ತೊಟ್ಟಿಗೆ ಟ್ಯೂಬ್ ಏರಿಸಿದ್ದರೂ ಔಷಧ ರಕ್ತದ ಮೂಲಕ ಉಳಿದ ಮೂರು ಭಾಗಗಳಿಗೂ ತಲುಪುವುದರಿಂದ ನಾಲ್ಕೂ ತೊಟ್ಟುಗಳ ಹಾಲನ್ನು ತಡೆಹಿಡಿಯತಕ್ಕದ್ದು. ಗರ್ಭಕೋಶದ ಸೋಂಕಿಗೆ ಅಥವಾ ಕಾಲಿನ ಗಾಯಕ್ಕೆ ಕೊಟ್ಟ ಔಷಧವೂ ಹಾಲಿಗೆ ಬರುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ.

ನಿಯಮ ಸ್ಪಷ್ಟವಾಗಿದೆ. ಅದರ ಹೊರೆ ಎಲ್ಲಿ ಬೀಳುತ್ತದೆ ಎಂಬುದನ್ನೂ ಸ್ಪಷ್ಟವಾಗಿ ನೋಡಬೇಕು. ದಿನಕ್ಕೆ 8 ಲೀಟರ್ ಹಾಲು ಕೊಡುವ ಒಂದು ಹಸುವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೂರು ದಿನಗಳ ಚಿಕಿತ್ಸೆ, ನಂತರ ಏಳು ದಿನಗಳ ತಡೆ ಅವಧಿ. ಒಟ್ಟು ಹತ್ತು ದಿನ, 80 ಲೀಟರ್. ಲೀಟರಿಗೆ 35 ರೂಪಾಯಿಯಂತೆ ಎಣಿಸಿದರೂ 2,800 ರೂಪಾಯಿ ಚೆಲ್ಲಿಹೋಗುತ್ತದೆ. ಔಷಧದ ಖರ್ಚು ಬೇರೆ, ಆ ಹತ್ತು ದಿನಗಳ ಹಿಂಡಿಯ ಖರ್ಚು ಬೇರೆ. ನೂರು ಹಸುಗಳಿರುವ ಸಾಕಣೆದಾರನಿಗೆ ಇದು ಉತ್ಪಾದನೆಯ ನೂರರಲ್ಲೊಂದು ಭಾಗ. ಎರಡು ಹಸುಗಳಿದ್ದು, ಅವುಗಳಲ್ಲಿ ಒಂದು ಗಬ್ಬವಾಗಿ ಹಾಲು ಬತ್ತಿರುವ ಮನೆಗೆ ಇದು ಆ ಹತ್ತು ದಿನಗಳ ಸಂಪೂರ್ಣ ಹಾಲಿನ ಆದಾಯ. ಸಮಾಜದ ಎಲ್ಲರಿಗೂ ಸಲ್ಲುವ ಒಂದು ರಕ್ಷಣೆಯ ಬೆಲೆಯನ್ನು ಅತ್ಯಂತ ಕಡಿಮೆ ಆದಾಯವುಳ್ಳವರೇ ಪೂರ್ತಿಯಾಗಿ ತೆರಬೇಕಾಗಿರುವಾಗ, ತಿಳಿವಳಿಕೆ ಮೂಡಿಸಿದರೆ ಸಾಕು ಎಂಬ ವಾದ ಅಷ್ಟಾಗಿ ನಿಲ್ಲುವುದಿಲ್ಲ. ಜಾನುವಾರು ವಿಮೆ ಸಾಮಾನ್ಯವಾಗಿ ರಾಸಿನ ಸಾವಿಗೆ ಪರಿಹಾರ ನೀಡುತ್ತದೆ. ಚೆಲ್ಲಿದ ಹಾಲು ಅದರ ವ್ಯಾಪ್ತಿಗೆ ಬರುವುದಿಲ್ಲ. ಚಿಕಿತ್ಸೆಯಲ್ಲಿರುವ ಹಸುವಿನ ಬಗ್ಗೆ ತಾನಾಗಿಯೇ ತಿಳಿಸುವ ಸದಸ್ಯನಿಗೆ ಸಂಘದ ಲಾಭಾಂಶದಿಂದ ಅಲ್ಪ ಪ್ರಮಾಣದ ನೆರವು ನೀಡುವ ವ್ಯವಸ್ಥೆಯನ್ನು ಹಾಲು ಉತ್ಪಾದಕರ ಸಹಕಾರ ಸಂಘಗಳು ತಮ್ಮ ಮಹಾಸಭೆಗಳಲ್ಲಿ ಪರಿಶೀಲಿಸಬಹುದಾಗಿದೆ. ತೊಟ್ಟಿಯ ಇಡೀ ಹಾಲು ತಿರಸ್ಕೃತವಾದಾಗ ಆಗುವ ನಷ್ಟಕ್ಕೆ ಹೋಲಿಸಿದರೆ ಈ ಮೊತ್ತ ದೊಡ್ಡದಲ್ಲ.

ಕರು, ಗಿಣ್ಣು, ಗೊಬ್ಬರ

ಚೆಲ್ಲುವುದೇಕೆ, ಕರುವಿಗಾದರೂ ಕುಡಿಸೋಣ ಎಂಬುದು ಮನೆಮನೆಗಳಲ್ಲಿ ಸಹಜವಾಗಿ ಬರುವ ಆಲೋಚನೆ. ಅನ್ನವನ್ನು ವ್ಯರ್ಥ ಮಾಡಬಾರದೆಂಬ ಸಂಸ್ಕಾರವೂ ಅದರ ಹಿಂದಿದೆ. ಆದರೆ ಔಷಧದ ಉಳಿಕೆಯುಳ್ಳ ಹಾಲು ಕುಡಿದ ಕರುಗಳ ಸಗಣಿಯಲ್ಲಿ ನಿರೋಧಕ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಹೊರಬೀಳುತ್ತವೆ ಎಂಬುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2017ರ ತನ್ನ ವೈಜ್ಞಾನಿಕ ಅಭಿಪ್ರಾಯದಲ್ಲಿ ದೃಢಪಡಿಸಿದೆ. ಇಂದಿನ ಹೆಣ್ಣು ಕರು ಮೂರು ವರ್ಷಗಳ ನಂತರ ಅದೇ ಕೊಟ್ಟಿಗೆಯ ಹಾಲುಕರೆಯುವ ಹಸು. ಇಂತಹ ಹಾಲನ್ನು ಬಾವಿ, ತೋಡು ಮತ್ತು ಕೆರೆಯಿಂದ ದೂರದಲ್ಲಿ ಗುಂಡಿ ತೋಡಿ ಮಣ್ಣಿನಲ್ಲಿ ಮುಚ್ಚುವುದು ಸೂಕ್ತ.

ಗಿಣ್ಣಿನ ವಿಷಯ ಇನ್ನೂ ಸೂಕ್ಷ್ಮ. ಹಾಲು ಬತ್ತಿಸುವಾಗ ಕೆಚ್ಚಲು ಬಾವು ಬರದಂತೆ ನಾಲ್ಕೂ ತೊಟ್ಟುಗಳಿಗೆ ದೀರ್ಘಕಾಲ ಉಳಿಯುವ ಔಷಧದ ಟ್ಯೂಬ್ ಏರಿಸುವ ಪದ್ಧತಿ ಇದೆ. ಹಸು ನಿರೀಕ್ಷಿತ ಸಮಯಕ್ಕೆ ಈದರೆ ತೊಂದರೆ ಕಡಿಮೆ. ಅವಧಿಗೆ ಮೊದಲೇ ಈದರೆ ಆ ಔಷಧ ಗಿಣ್ಣುಹಾಲಿಗೆ ಬಂದಿರುವ ಸಂಭವವಿದೆ. ಮೊದಲ ಗಿಣ್ಣನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನೆರೆಮನೆಗಳಿಗೆ ಹಂಚುವ ಸಂಪ್ರದಾಯವಿರುವ ನಮ್ಮಲ್ಲಿ, ಬತ್ತಿಸಿದ ದಿನಾಂಕ ಮತ್ತು ಬಳಸಿದ ಟ್ಯೂಬ್‌ನ ಹೆಸರನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟರೂ ಉಪಯೋಗವಾಗುತ್ತದೆ. ನೆದರ್‌ಲೆಂಡ್ಸ್ ದೇಶವು ಎಲ್ಲ ಹಸುಗಳಿಗೂ ಬತ್ತಿಸುವಾಗ ಔಷಧ ಏರಿಸುವ ಪದ್ಧತಿಯನ್ನು ಕೈಬಿಟ್ಟು, ಪರೀಕ್ಷೆಯಲ್ಲಿ ಸೋಂಕು ಕಂಡುಬಂದವುಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿತು. 2009ರ ನಂತರದ ಒಂದು ದಶಕದಲ್ಲಿ ಆ ದೇಶದಲ್ಲಿ ಜಾನುವಾರುಗಳಿಗೆ ಮಾರಾಟವಾಗುವ ಪ್ರತಿಜೈವಿಕ ಔಷಧಗಳ ಪ್ರಮಾಣ ಅರ್ಧಕ್ಕಿಂತಲೂ ಕಡಿಮೆಯಾಯಿತು.

ಗೊಬ್ಬರದ ಮಾತು ಕೊಡಗಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹಸು ಪಡೆದ ಔಷಧದ ಗಣನೀಯ ಭಾಗ ಸಗಣಿ ಮತ್ತು ಗಂಜಲದ ಮೂಲಕ ಹೊರಬರುತ್ತದೆ. ಜೊತೆಗೆ ನಿರೋಧಕ ಬ್ಯಾಕ್ಟೀರಿಯಾಗಳೂ ಬರುತ್ತವೆ. ಇಳಿಜಾರಿನ ತೋಟಗಳಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ತಿಪ್ಪೆಯ ರಸ ತೋಡಿಗೆ, ತೋಡಿನಿಂದ ಹೊಳೆಗೆ ಹರಿಯುತ್ತದೆ. ಈ ಸೀಮೆಯ ಹಲವು ತೋಡುಗಳ ನೀರು ಹಾರಂಗಿಯನ್ನು, ಅಲ್ಲಿಂದ ಕಾವೇರಿಯನ್ನು ಸೇರುತ್ತದೆ. ತಿಪ್ಪೆಗುಂಡಿಗೆ ಸುತ್ತ ಏರಿ ಕಟ್ಟಿ ಮೇಲೆ ಸೂರು ಹಾಕಿ, ಸಗಣಿ ಪೂರ್ತಿ ಕಳಿತು ಬಿಸಿ ಇಳಿದ ಮೇಲೆ ತೋಟಕ್ಕೆ ಹಾಕಿದರೆ ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳಷ್ಟು ತಗ್ಗುತ್ತದೆ. ಸೊಪ್ಪು ತರಕಾರಿಗೆ ಹಸಿ ಸಗಣಿ ನೀರು ಹಾಕುವುದನ್ನು ತಪ್ಪಿಸತಕ್ಕದ್ದು.

ಕಾನೂನಿನ ಕ್ರಮಗಳು

ರಾಷ್ಟ್ರೀಯ ಕ್ರಿಯಾ ಯೋಜನೆ 2017ರಲ್ಲಿ ಪ್ರಕಟವಾಗಿ, ಮನುಷ್ಯ, ಪ್ರಾಣಿ ಮತ್ತು ಪರಿಸರದ ಆರೋಗ್ಯವನ್ನು ಒಟ್ಟಾಗಿ ನೋಡುವ ದೃಷ್ಟಿಗೆ ಅಧಿಕೃತ ಮನ್ನಣೆ ನೀಡಿತು. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿ, ಮೀನು ಸಾಕಣೆ ಮತ್ತು ಪಶು ಆಹಾರದಲ್ಲಿ ಬಳಸಲು ತಯಾರಿಸುವುದನ್ನು, ಮಾರುವುದನ್ನು ಕೇಂದ್ರ ಆರೋಗ್ಯ ಸಚಿವಾಲಯವು 2019ರ ಜುಲೈ 19ರ ಅಧಿಸೂಚನೆಯ ಮೂಲಕ ನಿಷೇಧಿಸಿತು. ಹಂದಿ ಸಾಕಣೆಯೂ ಇರುವ ಕೊಡಗಿಗೆ ಈ ಅಧಿಸೂಚನೆ ನೇರವಾಗಿ ಸಂಬಂಧಿಸಿದೆ. ನೆರೆಯ ಕೇರಳವು 2018ರಲ್ಲಿ ತನ್ನದೇ ರಾಜ್ಯ ಕ್ರಿಯಾ ಯೋಜನೆಯನ್ನು ರೂಪಿಸಿಕೊಂಡಿತು. ಮನುಷ್ಯರಿಗೆ ಸಂಬಂಧಿಸಿದಂತೆ, 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂದು 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿತು. ಇದರಲ್ಲಿ ಪಶುಪಾಲನೆಯ ಪಾಲನ್ನು ಪ್ರತ್ಯೇಕವಾಗಿ ತೂಗಿ ಹೇಳುವುದು ಸಾಧ್ಯವಾಗಿಲ್ಲ. ಮನುಷ್ಯರಲ್ಲಿ ಔಷಧಗಳ ದುರ್ಬಳಕೆಯೇ ಇದರ ಮುಖ್ಯ ಕಾರಣವೆಂಬುದನ್ನು ಅಲ್ಲಗಳೆಯುವಂತಿಲ್ಲ. ರೈತರ ಮೇಲೆಯೇ ಪೂರ್ತಿ ಹೊಣೆ ಹೊರಿಸುವುದು ನ್ಯಾಯವಲ್ಲ.

ಔಷಧಕ್ಕೆ ಮೊದಲು ಮಾಡಬಹುದಾದುದು

ಸೋಂಕು ಕಡಿಮೆಯಾದರೆ ಔಷಧ ತಾನಾಗಿ ಕಡಿಮೆಯಾಗುತ್ತದೆ. ಹಾಲು ಕರೆಯುವ ಮುನ್ನ ಕೆಚ್ಚಲನ್ನು ತೊಳೆದು ಒಣಬಟ್ಟೆಯಿಂದ ಒರೆಸುವುದು, ಪ್ರತಿ ಹಸುವಿಗೆ ಬೇರೆ ಬಟ್ಟೆ ಬಳಸುವುದು, ಮೊದಲ ನಾಲ್ಕಾರು ಧಾರೆಗಳನ್ನು ಕಪ್ಪು ತಟ್ಟೆಗೆ ಹಿಂಡಿ ಗಡ್ಡೆಗಳಿವೆಯೇ ಎಂದು ನೋಡುವುದು, ಕರೆದ ನಂತರ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ತಕ್ಷಣ ಮೇವು ಹಾಕಿ ಹಸು ಅರ್ಧ ಗಂಟೆಯಾದರೂ ನಿಂತಿರುವಂತೆ ಮಾಡುವುದು ಇವು ಹೆಚ್ಚಿನ ಖರ್ಚಿಲ್ಲದ ಕ್ರಮಗಳು. ಮೇಲಿಂದ ಮೇಲೆ ಬಾವು ಬರುವ ಹಸುವನ್ನು ಮಂದೆಯಿಂದ ತೆಗೆಯಬೇಕೆಂದು ವಿದೇಶಿ ಕೈಪಿಡಿಗಳು ಹೇಳುತ್ತವೆ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020 ಜಾರಿಯಲ್ಲಿರುವ ನಮ್ಮ ರಾಜ್ಯದ ಸಣ್ಣ ರೈತನಿಗೆ ಆ ಸಲಹೆ ಅನ್ವಯಿಸದು. ಅಂತಹ ಹಸುವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆಯುವುದು, ಕರೆದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯುವುದು ಇಲ್ಲಿನ ಪರಿಸ್ಥಿತಿಗೆ ಹೊಂದುವ ಉಪಾಯ.

ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು ಲೋಳೆಸರ, ಅರಿಶಿನ ಮತ್ತು ಸುಣ್ಣವನ್ನು ಅರೆದು ಕೆಚ್ಚಲಿಗೆ ಲೇಪಿಸುವ ಪಾರಂಪರಿಕ ಚಿಕಿತ್ಸೆಯನ್ನು ಪ್ರಚಾರ ಮಾಡುತ್ತಿದೆ. ಸೌಮ್ಯ ಪ್ರಕರಣಗಳಲ್ಲಿ ಇದನ್ನು ಪ್ರಯತ್ನಿಸಬಹುದು. ಹಸು ಮೇವು ಬಿಟ್ಟಿದ್ದರೆ, ಜ್ವರವಿದ್ದರೆ, ಮಲಗಿದ್ದು ಏಳದಿದ್ದರೆ ಅಥವಾ ಹಾಲು ನೀರಿನಂತಾಗಿದ್ದರೆ ಒಂದು ಗಳಿಗೆಯೂ ತಡಮಾಡದೆ ಪಶುವೈದ್ಯರನ್ನು ಕರೆಸತಕ್ಕದ್ದು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಬಹುದು. ಕಾಲುಬಾಯಿ ಜ್ವರ ಮತ್ತು ಚರ್ಮಗಂಟು ರೋಗ ವೈರಾಣುಗಳಿಂದ ಬರುವುದರಿಂದ ಪ್ರತಿಜೈವಿಕ ಔಷಧ ಅವುಗಳನ್ನು ಗುಣಪಡಿಸುವುದಿಲ್ಲ. ಆದರೆ ಅವುಗಳ ನಂತರದ ಹುಣ್ಣು ಮತ್ತು ಸೋಂಕುಗಳಿಗೆ ಔಷಧ ಬಳಸಬೇಕಾಗುತ್ತದೆ. ನಿಗದಿತ ಸಮಯದಲ್ಲಿ ಲಸಿಕೆ ಹಾಕಿಸುವುದು ಈ ದೃಷ್ಟಿಯಿಂದ ಔಷಧ ಉಳಿತಾಯದ ಕ್ರಮವೂ ಹೌದು.

ಚಿಕಿತ್ಸೆಗೆ ಮೊದಲು ಹಾಲನ್ನು ಪರೀಕ್ಷಿಸಿ ಯಾವ ಜೀವಿ ಇದೆಯೆಂದು ತಿಳಿದು ಔಷಧ ಕೊಟ್ಟರೆ ಎಷ್ಟು ಉಳಿತಾಯವಾಗುತ್ತದೆ ಎಂಬುದಕ್ಕೆ ಉತ್ತರ ಅಮೆರಿಕದ ಹೈನು ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಆಧಾರ ಒದಗಿಸುತ್ತದೆ. ಸೌಮ್ಯ ಮತ್ತು ಮಧ್ಯಮ ಪ್ರಕರಣಗಳಲ್ಲಿ ಕೆಚ್ಚಲಿಗೆ ಏರಿಸುವ ಔಷಧದ ಬಳಕೆ ಅಲ್ಲಿ ಸುಮಾರು ಅರ್ಧದಷ್ಟು ಇಳಿಯಿತು. ಹಸುಗಳ ಚೇತರಿಕೆಗೆ ಅದರಿಂದ ಹಿನ್ನಡೆಯಾಗಲಿಲ್ಲ. ಮಾದರಿಯನ್ನು ಔಷಧ ಕೊಡುವ ಮೊದಲೇ ಸಂಗ್ರಹಿಸತಕ್ಕದ್ದು, ಕೊಟ್ಟ ನಂತರದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ತೊಟ್ಟಿನ ತುದಿಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಮೊದಲ ಎರಡು ಮೂರು ಧಾರೆಗಳನ್ನು ಬಿಟ್ಟು, ಬಾಯಿಯ ಅಂಚನ್ನು ಮುಟ್ಟದೆ ಪಶು ಆಸ್ಪತ್ರೆಯಿಂದ ಪಡೆದ ಶುದ್ಧ ಸೀಸೆಗೆ 5ರಿಂದ 10 ಮಿಲಿಲೀಟರ್ ಹಾಲು ಹಿಂಡಬೇಕು. ಸೀಸೆಯ ಮೇಲೆ ಹಸುವಿನ ಕಿವಿಯೋಲೆಯ ಸಂಖ್ಯೆ, ಯಾವ ತೊಟ್ಟು, ದಿನಾಂಕ ಮತ್ತು ಹಿಂದೆ ಕೊಟ್ಟ ಔಷಧದ ಹೆಸರನ್ನು ಬರೆದು, ಮಂಜುಗಡ್ಡೆಯ ನಡುವೆ ಇರಿಸಿ, ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ತಲುಪಿಸತಕ್ಕದ್ದು.